ಗರ್ಜನೆಗಿಂತ ಮೊದಲು ಕಡತ

ಬೆಂಗಳೂರಿನಲ್ಲಿ ಬಳಸಿದ ಪೋರ್ಷೆಯನ್ನೋ ಫೆರಾರಿಯನ್ನೋ ಕೊಳ್ಳಹೊರಟವರು ಬಣ್ಣಕ್ಕೆ ಮಾರುಹೋಗುತ್ತಾರೆ, ಎಂಜಿನ್ನಿನ ಗರ್ಜನೆಗೆ ಕಿವಿಗೊಡುತ್ತಾರೆ. ಮೊದಲು ನೋಡಬೇಕಾದುದು ನೋಂದಣಿ ಫಲಕವನ್ನು. ಅದು ಹೊರರಾಜ್ಯದ್ದಾಗಿದ್ದರೆ ಅಗ್ಗದ ಬೆಲೆಯ ಗುಟ್ಟು ಅಲ್ಲೇ ಇರಬಹುದು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿನ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಇದನ್ನು ತಪ್ಪಿಸಲು ಪುದುಚೇರಿಯ ವಿಳಾಸ ಹುಡುಕುವುದು ಸಿರಿವಂತರ ಹಳೆಯ ಚಾಳಿ. 12 ತಿಂಗಳು ಮೀರಿ ಇಲ್ಲೇ ಇರಿಸಿಕೊಂಡ ವಾಹನಕ್ಕೆ ಇಲ್ಲಿನ ನೋಂದಣಿ ಕಡ್ಡಾಯವೆನ್ನುತ್ತದೆ ಮೋಟಾರು ವಾಹನ ಕಾಯ್ದೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿಯಿಂದ ನಮ್ಮ ಸಾರಿಗೆ ಇಲಾಖೆ ವಸೂಲು ಮಾಡಿದ್ದು ಸುಮಾರು 1.41 ಕೋಟಿ ರೂಪಾಯಿ! ಆ ಹಣದಲ್ಲಿ ಇನ್ನೊಂದು ಐಷಾರಾಮಿ ಕಾರೇ ಬರುತ್ತಿತ್ತು. ಮಾರಿದವನು ಕೈತೊಳೆದುಕೊಂಡ ಮೇಲೆ ಇಲಾಖೆ ತಡೆದು ನಿಲ್ಲಿಸುವುದು ಹೊಸ ಒಡೆಯನನ್ನು. ಆದ್ದರಿಂದ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ದಾಖಲೆ, ತೆರಿಗೆ ರಸೀದಿ ಕೈಸೇರುವ ತನಕ ಮುಂಗಡ ಕೊಡಕೂಡದು.

ಯಂತ್ರದ ಪರೀಕ್ಷೆ ಆಮೇಲಿನದು, ಆದರೆ ಸಣ್ಣದೇನಲ್ಲ. 2008ಕ್ಕೆ ಹಿಂದಿನ ಹಲವು ಪೋರ್ಷೆ 911ಗಳಲ್ಲಿ ಮಧ್ಯಂತರ ಶಾಫ್ಟಿನ ಬೇರಿಂಗ್ ಮುರಿದು ಇಡೀ ಎಂಜಿನ್ನೇ ಹಾಳಾದುದುಂಟು. ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡಬೇಕು. ಮಿತಿಮೀರಿ ಓಡಿಸಿದ್ದರೆ ಎಂಜಿನ್ನಿನ ಗಣಕ ಅದನ್ನೂ ಬರೆದಿಟ್ಟಿರುತ್ತದೆ. ಇಂಥ ತಪಾಸಣೆಗೆ ಮಾರುವವನು ಒಪ್ಪದಿದ್ದರೆ ಮಾತುಕತೆ ಮುಂದುವರಿಸಬೇಕಾಗಿಲ್ಲ.