ಆಲೆಮನೆಯ ಬೆಲ್ಲವೂ ಜನನದ ಲೆಕ್ಕವೂ

ಕಬ್ಬಿನ ಹಾಲು ಕುದಿಯಬೇಕಾದ ಆಲೆಮನೆಯಲ್ಲಿ ಗರ್ಭಸ್ಥ ಶಿಶುವಿನ ಲಿಂಗಪತ್ತೆ ನಡೆಯುತ್ತಿತ್ತೆಂಬ ಸುದ್ದಿ 2023ರ ಕೊನೆಯಲ್ಲಿ ಮಂಡ್ಯದಿಂದ ಬಂದಾಗ ನಾಡಿಗೆ ನಾಡೇ ತಲೆತಗ್ಗಿಸಿತು. ಅದನ್ನು ಮರೆತುಬಿಡುವಷ್ಟು ಕಾಲವಿನ್ನೂ ಸಂದಿಲ್ಲ. ಆ ಜಾಲ ಬಯಲಾದದ್ದು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಸಂಶಯದಿಂದ ತಡೆದ ಒಂದು ಕಾರಿನಿಂದ. ಆರೋಗ್ಯ ಇಲಾಖೆಯ ಯಾವ ದಾಖಲೆಯಿಂದಲೂ ಅಲ್ಲ. ಇದನ್ನು ಸದ್ಭಕ್ತರು ವಿಶೇಷವಾಗಿ ಗಮನಿಸಬೇಕೆಂದು ನಾವು ಬಯಸುತ್ತೇವೆ.

ದಾಖಲೆಗಳಿಗೇನೂ ಕೊರತೆಯಿರಲಿಲ್ಲ. 1969ರ ಕಾಯ್ದೆಯಂತೆ ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿಯಾಗಬೇಕು. ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಗರ್ಭಿಣಿಯ ಹೆಸರು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುತ್ತದೆ, ತಾಯಿ ಕಾರ್ಡ್ ಕೈಯಲ್ಲಿರುತ್ತದೆ. ಆದರೆ ಈ ಲೆಕ್ಕವೆಲ್ಲ ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ ಏರುತ್ತದೆಯೇ ಹೊರತು ಹಿಂದಿರುಗಿ ಹಳ್ಳಿಗೆ ಇಳಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಸಾವಿರ ಗಂಡುಮಕ್ಕಳ ಜನನಕ್ಕೆ 978 ಹೆಣ್ಣುಮಕ್ಕಳ ಜನನವನ್ನು ತೋರಿಸಿತು. ನಿಸರ್ಗ ತಾನಾಗಿ ಕೊಡುವುದು ಸುಮಾರು 950. ರಾಜ್ಯದ ಸರಾಸರಿಯನ್ನಷ್ಟೇ ನೋಡುತ್ತ ಕುಳಿತವರಿಗೆ ಎಲ್ಲವೂ ಸುಖವಾಗಿಯೇ ಕಂಡೀತು, ಆಲೆಮನೆ ಕಾಣದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ, ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು ಎಂಬುದು. ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದದ್ದು 2.1. ಇದನ್ನು ಹಿಡಿದುಕೊಂಡು ಹೆಚ್ಚು ಮಕ್ಕಳನ್ನು ಹೆರಿರೆಂದು ಕರೆಕೊಡುವ ಮಾತುಗಳು ನೆರೆರಾಜ್ಯಗಳಲ್ಲಿ ಕೇಳಿಬಂದಿವೆ, ನಮ್ಮಲ್ಲಿಯೂ ಅಲ್ಲಲ್ಲಿ ಪಿಸುಗುಡುತ್ತಿವೆ. ಎಷ್ಟು ಮಕ್ಕಳೆಂಬುದು ದಂಪತಿಗಳ ವಿಚಾರ. ಅದರಲ್ಲಿ ವೇದಿಕೆಗಳ ಪ್ರವೇಶ ಸಲ್ಲದೆಂಬುದು ನಮ್ಮ ನಿಲುವು. ಚಿಂತಿಸಬೇಕಾದದ್ದು ಬೇರೆ. ನಾಲ್ಕೈದು ಮಕ್ಕಳಿದ್ದ ಮನೆಯಲ್ಲಿ ಗಂಡುಮಗುವಿನ ಹಂಬಲ ಒಂದಲ್ಲ ಒಂದು ಹೆರಿಗೆಯಲ್ಲಿ ತೀರುತ್ತಿತ್ತು. ಒಂದೋ ಎರಡೋ ಸಾಕೆಂದ ಮನೆಯಲ್ಲಿ ಆ ಹಂಬಲ ಹಾಗೆಯೇ ಉಳಿದರೆ, ಅದು ಸ್ಕ್ಯಾನಿಂಗ್ ಯಂತ್ರದ ಮುಂದೆ ಹೋಗಿ ನಿಲ್ಲುತ್ತದೆ. ಸಂಸಾರ ಚಿಕ್ಕದಾದಂತೆ ಕಾವಲು ಹೆಚ್ಚಬೇಕಾದದ್ದು ಈ ಕಾರಣಕ್ಕೆ.

ಆಹಾರದ ವಿಷಯದಲ್ಲಿಯೂ ಹೀಗೆಯೇ. 2024ರ ಮಾರ್ಚ್‌ನಲ್ಲಿ ಸರ್ಕಾರ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆನಿಸಿದವು; ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಸಿಕ್ಕಿತು. ಮರುವರ್ಷ ಇಡ್ಲಿ ಬೇಯಿಸುವ ತಟ್ಟೆಯಲ್ಲಿ ಪ್ಲಾಸ್ಟಿಕ್ ಹಾಳೆ. ಪ್ರತಿ ಸಲವೂ ಬೆಂಗಳೂರಿನಿಂದ ಪ್ರಕಟಣೆ, ನಿಷೇಧ, ಒಂದೆರಡು ವಾರಗಳ ಗದ್ದಲ. ನಮ್ಮೂರಿನ ಸಂತೆಯಲ್ಲಿ ತೆಗೆದ ಮಾದರಿ ಎಷ್ಟು, ತಪ್ಪಿದ್ದು ಯಾವುದು ಎಂಬುದು ಮಾತ್ರ ಸಂತೆಗೆ ಬರುವವನಿಗೆ ತಿಳಿಯುವುದೇ ಇಲ್ಲ. ಬೆಲ್ಲವನ್ನೇ ನೋಡಿರಿ. ಹಳದಿಯಾಗಿ ಹೊಳೆಯುವ ಅಚ್ಚನ್ನೇ ನಾವು ಆರಿಸುತ್ತೇವೆ. ಆಲೆಮನೆಯವನು ಹೈಡ್ರೋಸ್ ಸುರಿಯುತ್ತಾನೆ. ಕಪ್ಪುಬೆಲ್ಲ ತಂದವನಿಗೆ ಬೆಲೆ ಕಡಿಮೆ. ಲಿಂಗಪತ್ತೆಗೆ ಹಣ ಕೊಡುವವನೂ ಬಣ್ಣಕ್ಕೆ ಹಣ ಕೊಡುವವನೂ ಹೊರಗಿನವರಲ್ಲ, ನಮ್ಮ ನಡುವಿನವರೇ. ಅಧಿಕಾರಿಯೊಬ್ಬನೇ ಕಾಯುತ್ತಾನೆಂದು ಬಿಟ್ಟರೆ ಅವನು ಸೋಲುವುದು ಸಹಜ.

ಆದಕಾರಣ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಇವೆರಡು ಲೆಕ್ಕಗಳನ್ನೂ ಓದಿಸುವಂತೆ ಭಕ್ತರು ಕೇಳಬೇಕು: ಈ ವರ್ಷ ಹುಟ್ಟಿದ ಗಂಡೆಷ್ಟು, ಹೆಣ್ಣೆಷ್ಟು, ಸಂತೆಯಿಂದ ಒಯ್ದ ಆಹಾರದ ಮಾದರಿಗಳ ಫಲಿತಾಂಶವೇನು. ಇಲ್ಲೊಂದು ಎಚ್ಚರಿಕೆಯೂ ಬೇಕು. ವರ್ಷಕ್ಕೆ ಇಪ್ಪತ್ತು ಹೆರಿಗೆಯಾಗುವ ಹಳ್ಳಿಯಲ್ಲಿ ಹದಿಮೂರು ಗಂಡು, ಏಳು ಹೆಣ್ಣು ಹುಟ್ಟುವುದು ಕೇವಲ ಆಕಸ್ಮಿಕವಾಗಿರಬಹುದು. ಐದಾರು ವರ್ಷಗಳ ಲೆಕ್ಕವನ್ನು, ಇಡೀ ತಾಲ್ಲೂಕಿನದನ್ನು ಕೂಡಿಸಿ ನೋಡದೆ ಬೆರಳು ತೋರಿಸಬಾರದು. ಗರ್ಭ ನಿಲ್ಲದೆ ನೊಂದ ಹೆಣ್ಣುಮಗಳ ಮನೆಯ ಮುಂದೆ ಯಾರೂ ಹೋಗಿ ಪ್ರಶ್ನಿಸಕೂಡದು. ಪ್ರಶ್ನಿಸಬೇಕಾದದ್ದು ಸ್ಕ್ಯಾನಿಂಗ್ ಕೇಂದ್ರಗಳನ್ನು. 1994ರ ಕಾಯ್ದೆ ಅವುಗಳಿಂದ ಪ್ರತಿಯೊಂದು ತಪಾಸಣೆಯ ದಾಖಲೆಯನ್ನು ಬಯಸುತ್ತದೆ.

ದಾಸೋಹದ ಅಡುಗೆಮನೆಯೂ ಈ ಲೆಕ್ಕದಿಂದ ಹೊರಗಿರಬಾರದು. ಮಠವೆಂಬ ಗೌರವದಿಂದ ಆಹಾರ ಸುರಕ್ಷತಾಧಿಕಾರಿ ಬಾಗಿಲಲ್ಲಿಯೇ ನಿಂತು ಹಿಂದಿರುಗುವುದು ನಮಗೆ ಗೌರವವಲ್ಲ. ಸೇವೆಗೆಂದು ಬೆಲ್ಲ ತರುವ ಭಕ್ತರು ಹೊಳಪಿಲ್ಲದ ಕಪ್ಪುಬೆಲ್ಲವನ್ನೇ ತರಲಿ, ಪಾಯಸದ ಬಣ್ಣ ಕಂದಿದರೆ ಯಾರೂ ಬೇಸರಿಸುವುದಿಲ್ಲ. ಸಂಶಯ ಬಂದ ಪದಾರ್ಥವನ್ನು ಕೊಂಡವನೇ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 40ನೆಯ ಕಲಮು ಆ ಹಕ್ಕನ್ನು ಕೊಟ್ಟಿದೆ, ದೋಷ ಸಾಬೀತಾದರೆ ಶುಲ್ಕವೂ ಮರಳುತ್ತದೆ. ಈ ಕಲಮನ್ನು ಬಳಸಿದವರು ನಮ್ಮ ಹಳ್ಳಿಗಳಲ್ಲಿ ತೀರ ವಿರಳ.