ಪೆಟ್ಟಿಗೆಯೊಳಗಿನ ಹತ್ತಿ, ನೆರೆಮನೆಯ ನಿದ್ದೆ

ಆಂಟಾಪ್ ಹಿಲ್‌ನ ನಮ್ಮ ಕಟ್ಟಡದ ಅಂಗಳದಲ್ಲಿ, ಮಳೆಗಾಲಕ್ಕೆ ಮುನ್ನ, ನಮ್ಮೂರ ಕಡೆಯ ಹುಡುಗನೊಬ್ಬ ತನ್ನ ಹಳೆಯ ಕಾರಿಗೆ ತಾನೇ ಸಬ್‌ವೂಫರ್ ಪೆಟ್ಟಿಗೆ ಕಟ್ಟಿದ. 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ, ಮರದಂಟು, ಸಂದುಗಳಿಗೆ ಸಿಲಿಕೋನ್, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. "ಒಳಗೆಲ್ಲ ಹತ್ತಿ ಹಾಕಿದ್ದೇನೆ ಅಂಕಲ್, ಇನ್ನು ಸದ್ದು ಹೊರಗೆ ಬರುವುದಿಲ್ಲ" ಎಂದ. ಅಂದು ರಾತ್ರಿ ಹನ್ನೊಂದಕ್ಕೆ ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳು ನಡುಗಿದವು. ಹಾಡು ಕನ್ನಡದ್ದು, ನಾವು ಸುಮ್ಮನಿದ್ದೆವು.

ಹುಡುಗನ ಶ್ರಮವನ್ನು ನಾವು ಹಗುರವಾಗಿ ಕಾಣುವವರಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಧ್ವನಿಫಲಕಕ್ಕೆ ಸ್ಪ್ರಿಂಗ್. ಎಡ್ಗರ್ ವಿಲ್ಚರ್ 1954ರಲ್ಲಿ ಅಮೆರಿಕದಲ್ಲಿ ಇದೇ ತತ್ತ್ವದ ಮೇಲೆ ಎಆರ್-1 ಎಂಬ ಚಿಕ್ಕ ಸ್ಪೀಕರನ್ನು ರೂಪಿಸಿ, ದೊಡ್ಡ ಪೆಟ್ಟಿಗೆಯಿಲ್ಲದೆಯೂ ಗಂಭೀರ ಮಂದ್ರ ಸಾಧ್ಯವೆಂದು ತೋರಿಸಿದರು. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ. ಹತ್ತಿಯ ಎಳೆಗಳು ಆ ಬಿಸಿಯನ್ನು ಹೀರಿ, ಸಡಿಲವಾದಾಗ ಮರಳಿಸುತ್ತವೆ. ಸ್ಪ್ರಿಂಗ್ ಮೃದುವಾಗಿ, ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದರಂತೆ ವರ್ತಿಸುತ್ತದೆ. ಸಿದ್ಧಾಂತದ ಗರಿಷ್ಠ ಮಿತಿ 40 ಪ್ರತಿಶತ. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಹತ್ತಿಯನ್ನು ಹಿಂಜಿ ಹಗುರವಾಗಿ ತುಂಬಬೇಕು. ಗಿಡಿದು ತುಂಬಿದರೆ ಈ ಲಾಭ ಕೈತಪ್ಪುತ್ತದೆ. ಗಾಳಿಗೊಳವೆಯಿರುವ ಪೆಟ್ಟಿಗೆಯಾದರೆ ಗೋಡೆಗೆ ತೆಳ್ಳಗೆ ಹೊದಿಸಿ, ಕೊಳವೆಯ ಬಾಯನ್ನು ತೆರೆದಿಡಬೇಕು. ಮುಂಬಯಿಯ ತೇವಕ್ಕೆ ಎಂಡಿಎಫ್ ಉಬ್ಬುವುದರಿಂದ ಹಲಗೆಯ ಅಂಚುಗಳಿಗೆ ಬಣ್ಣವೋ ವಾರ್ನಿಷೋ ಬೇಕೇ ಬೇಕು.

ಆದರೆ ಇದೆಲ್ಲ ಕೇಳುವವನ ಸುಖಕ್ಕೆ, ನೆರೆಯವನ ನೆಮ್ಮದಿಗಲ್ಲ. ಈ ಎರಡನ್ನು ಒಂದೆಂದು ತಿಳಿದದ್ದೇ ತಪ್ಪು. 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್. ಒಂದಂಗುಲದ ಹತ್ತಿ ಅದನ್ನು ತಡೆಯದು. ಮೇಲಾಗಿ ಫಲಕದ ಮುಂಬದಿ ಪೆಟ್ಟಿಗೆಯ ಹೊರಗೇ ಇದೆಯಲ್ಲ! ಡಿಕ್ಕಿಯ ತಗಡಿಗೆ ಅಂಟಿಸುವ ಬ್ಯುಟೈಲ್ ಹಾಳೆಯದು ಬೇರೆ ಕೆಲಸ. ಮೃದಂಗದ ಎಡಬದಿಗೆ ಮೆತ್ತುವ ರವೆಯ ಕಣಕ ಚರ್ಮಕ್ಕೆ ಭಾರ ಕೊಟ್ಟು ಅದರ ನಾದವನ್ನು ತಗ್ಗಿಸುವುದನ್ನು ನಮ್ಮವರು ಬಲ್ಲರು. ಬ್ಯುಟೈಲ್ ಹಾಳೆಯೂ ತಗಡಿಗೆ ಭಾರ ಕೊಡುತ್ತದೆ, ಜೊತೆಗೆ ಅದರ ಕಂಪನವನ್ನು ನುಂಗಿ ಗಡಗಡವನ್ನು ನಿಲ್ಲಿಸುತ್ತದೆ. ಮಂದ್ರದ ಅಲೆ ಮಾತ್ರ ಆಗಲೂ ಗೋಡೆ ದಾಟುತ್ತದೆ.

ಕಾನೂನು ನೋಡಿಕೊಳ್ಳಲಿ ಎನ್ನುವವರಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಸಮಯವನ್ನು ರಾತ್ರಿಯೆಂದು ಗುರುತಿಸಿವೆ. ಆದರೆ ಆ ಅಳತೆ ಮನುಷ್ಯನ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದು. 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದೇ ಲೆಕ್ಕ ಹಿಡಿಯುತ್ತದೆ. ತಟ್ಟೆ ನಡುಗುವಾಗಲೂ ಮಾಪಕ ನಿರಾಳವಾಗಿರಬಹುದು. ಆದ್ದರಿಂದ ಇದು ಪೊಲೀಸರಿಗಿಂತ ಮೊದಲು ನೆರೆಹೊರೆಯ ಸಂಗತಿ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಅನ್ಯಭಾಷೆಯ ಹಾಡು ಮೊಳಗಿದ್ದರೆ ನಾವು ಆಗಲೇ ಕೆಳಗಿಳಿದು ಜಗಳವಾಡುತ್ತಿದ್ದೆವು. ಊರು ಬಿಟ್ಟು ಬಂದವರಿಗೆ ತಾಯ್ನುಡಿಯ ಹಾಡು ಕಿವಿಗೆ ಬಿದ್ದರೆ ನ್ಯಾಯದ ತಕ್ಕಡಿ ಸ್ವಲ್ಪ ವಾಲುತ್ತದೆ. ಕೆಳಮನೆಯ ತಮಿಳು ಕುಟುಂಬದಲ್ಲಿ ಹಸುಗೂಸಿನೊಂದಿಗೆ ಬಾಣಂತಿಯಿದ್ದಾಳೆಂಬುದು ಗೊತ್ತಿದ್ದೂ ನಾವು ವಾರವೆಲ್ಲ ಬಾಯಿ ಬಿಡಲಿಲ್ಲ. ಆಕೆಗೆ ಆ ಹಾಡಿನ ಒಂದು ನುಡಿಯೂ ತಲುಪಿರಲಾರದು. ತಲುಪಿದ್ದು ಗುಡುಗು ಮಾತ್ರ. ಕನ್ನಡದ ಮೇಲಿನ ನಮ್ಮ ಪ್ರೀತಿಗೆ ಆಕೆ ನಿದ್ದೆಗೆಟ್ಟು ಬೆಲೆ ತೆರಬೇಕೇಕೆ?

ಕೊನೆಗೆ ಹುಡುಗನನ್ನು ಕರೆದು ಆ ಮನೆಯ ಹೊಸ್ತಿಲಲ್ಲಿ ಎರಡು ನಿಮಿಷ ನಿಲ್ಲಿಸಿದೆವು. ಅವನ ಗೆಳೆಯ ಕಾರಿನಲ್ಲಿ ಹಾಡು ಹಾಕಿದ. ಹುಡುಗ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನೋಡಿದ, ಏನೂ ಹೇಳಲಿಲ್ಲ. ಈಗ ಪೆಟ್ಟಿಗೆ ಡಿಕ್ಕಿಯಲ್ಲೇ ಇದೆ, ಹತ್ತಿಯೂ ಇದೆ. ಅಂಗಳಕ್ಕೆ ಬರುವ ಮೊದಲು, ಗೇಟಿನಲ್ಲೇ, ಅವನು ಸಬ್‌ವೂಫರ್ ಆರಿಸುತ್ತಾನೆ.