ಮರುಪಾವತಿಯ ಆತಿಥ್ಯ

ಜನವರಿ ಬಂತೆಂದರೆ ಕಂಪ್ಯೂಟರ್ ಜಾಲಗಳ ವಿದ್ವಾಂಸರು ಬೆಂಗಳೂರಿನಲ್ಲಿ ಸೇರುತ್ತಾರೆ. 2009ರಲ್ಲಿ ಆರಂಭವಾದ ‘ಕಾಮ್ಸ್‌ನೆಟ್ಸ್’ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಈ ನಗರವೇ ನೆಲೆ. ಇಂತಹ ಸಭೆಗಳಲ್ಲಿ ಮಂಡನೆಯಾಗುವ ಪ್ರಬಂಧಗಳನ್ನು ತೂಗುವ ಅರ್ಹತೆ ನನಗಿಲ್ಲ. ಆದರೆ ಸೇವೆಯಲ್ಲಿದ್ದಾಗ ಹಲವು ವ್ಯವಸ್ಥಾ ಸಮಿತಿಗಳಲ್ಲಿ ಕುಳಿತವನಾದ್ದರಿಂದ ಊಟ, ವಸತಿ, ವಾಹನಗಳ ಕುರಿತು ಒಂದೆರಡು ಮಾತು ಹೇಳಬಲ್ಲೆ.

ಕೆಲ ಕಾಲದ ಹಿಂದೆ ನಗರದ ಒಂದು ತಾಂತ್ರಿಕ ಸಮ್ಮೇಳನಕ್ಕೆ (ಯಾವುದೆಂಬುದು ಬೇಡ) ಕಲಬುರಗಿ ಕಡೆಯ ನನ್ನ ಪರಿಚಿತರ ಮಗಳು ಬಂದಿದ್ದಳು. ಅವಳ ಪ್ರಬಂಧ ಆಯ್ಕೆಯಾಗಿತ್ತು. ಪ್ರಯಾಣದ ನೆರವೂ ಮಂಜೂರಾಗಿತ್ತು. ಆದರೆ ಅದು ಮರುಪಾವತಿಯ ರೂಪದಲ್ಲಿ. ನೋಂದಣಿ ಶುಲ್ಕ, ರೈಲು, ವಸತಿ ಎಲ್ಲವನ್ನೂ ಮೊದಲು ಕೈಯಿಂದ ತೆತ್ತು ನಂತರ ರಸೀದಿ ಸಲ್ಲಿಸಬೇಕು. ತಂದೆ ಸಾಲ ಮಾಡಿದರು. ರಾತ್ರಿ ರೈಲಿನಿಂದ ಮುಂಜಾನೆ ಇಳಿದವಳಿಗೆ ಕೋಣೆ ಸಿಗುವುದು ಮಧ್ಯಾಹ್ನ 12ಕ್ಕೆ, ಗೋಷ್ಠಿ ಆರಂಭವಾಗುವುದು 9ಕ್ಕೆ. ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲೇ ಸಿದ್ಧಳಾಗಿ, ಸೂಟ್‌ಕೇಸ್ ಎಳೆದುಕೊಂಡೇ ತಾರಾ ಹೋಟೆಲಿನ ಸಭಾಂಗಣ ಪ್ರವೇಶಿಸಿದಳು. ನೆರವಿನ ಹಣ ಕೈಸೇರಿದ್ದು ನಾಲ್ಕು ತಿಂಗಳ ನಂತರ.

ಮೊತ್ತ ಅದೇ, ದಿನಾಂಕ ಮಾತ್ರ ಬೇರೆ. ಕ್ರೆಡಿಟ್ ಕಾರ್ಡ್ ಉಳ್ಳವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು. ಇಲ್ಲದವರಿಗೆ ಅದೇ ಗೋಡೆ. ನಮ್ಮ ಸರ್ಕಾರವನ್ನು ಯಾರು ಎಷ್ಟೇ ಬೈಯಲಿ, ಪ್ರವಾಸ ಹೊರಟ ಗುಮಾಸ್ತನಿಗೂ ಪ್ರಯಾಣ ಭತ್ಯೆಯ ಮುಂಗಡ ಕೊಡುವ ನಿಯಮ ಅದರಲ್ಲಿದೆ. ಲಕ್ಷಾಂತರ ರೂಪಾಯಿಯ ಪ್ರಾಯೋಜಕತ್ವ ಪಡೆಯುವ ಸಂಘಟಕರಿಗೆ ಹತ್ತಿಪ್ಪತ್ತು ವಿದ್ಯಾರ್ಥಿಗಳಿಗೆ ಅರ್ಧ ಮೊತ್ತವನ್ನಾದರೂ ಮುಂಚಿತವಾಗಿ ಕೊಡುವುದು ಅಸಾಧ್ಯವೇ? ಮುಂಜಾನೆ ಬಂದಿಳಿಯುವವರಿಗೆ ಸ್ನಾನಕ್ಕೆ ಎರಡು ಕೋಣೆ, ಸಾಮಾನು ಇಡಲು ಒಂದು ಮೂಲೆ, ಇವಕ್ಕೆ ತಗಲುವ ಖರ್ಚು ಸಮಾರೋಪದ ಹೂಗುಚ್ಛಗಳಿಗಿಂತ ಬಹಳ ಹೆಚ್ಚಾಗಲಾರದು.

ವಿದೇಶಿ ಅತಿಥಿಗಳ ಪಾಡು ಬೇರೆ. ಸಮ್ಮೇಳನ ವೀಸಾಕ್ಕೆ ಸಂಘಟಕರ ಆಹ್ವಾನ ಪತ್ರ ಬೇಕು. ಪತ್ರ ತಡವಾದರೆ ವೀಸಾವೂ ತಡ. ಬಂದಿಳಿದ ಮೇಲೆ ವೈ-ಫೈ ಬಳಸಲು ಮೊಬೈಲಿಗೆ ಒಟಿಪಿ ಬರಬೇಕು, ಅವರ ದೇಶದ ಸಂಖ್ಯೆಗೆ ಅದು ಬರುವ ಖಾತರಿಯಿಲ್ಲ. ಜಾಲಗಳನ್ನು ಕಟ್ಟುವವರೇ ಜಾಲದ ಹೊಸ್ತಿಲಲ್ಲಿ ನಿಲ್ಲುವ ವಿಪರ್ಯಾಸವಿದು. ಇಂಟರ್‌ನೆಟ್ಟಿನ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ವರ್ಷಕ್ಕೆ ಮೂರು ಬಾರಿ ಬೇರೆ ಬೇರೆ ನಗರಗಳಲ್ಲಿ ಸಭೆ ಸೇರುವಾಗ ಸಭಾಸ್ಥಳದಲ್ಲಿ ತನ್ನದೇ ಜಾಲವನ್ನು ಸ್ಥಾಪಿಸಿಕೊಳ್ಳುತ್ತದೆ. ಅಷ್ಟು ಆಗದಿದ್ದರೆ, ನೋಂದಣಿ ಮೇಜಿನಲ್ಲೇ ಹೆಸರಿನ ಬಿಲ್ಲೆಯೊಂದಿಗೆ ಗುಪ್ತಪದದ ಚೀಟಿ ಕೊಡಬಹುದಲ್ಲ!

ಸಾರಿಗೆಯ ವಿಷಯದಲ್ಲಿ ನಗರ ತಕ್ಕಮಟ್ಟಿಗೆ ಸುಧಾರಿಸಿದೆ. ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದ ಬಳಿಯ ಮಾದಾವರದವರೆಗೆ 2024ರ ನವೆಂಬರಿನಲ್ಲಿ ಮೆಟ್ರೊ ಬಂತು. ವಿಮಾನ ನಿಲ್ದಾಣದಿಂದ ವಾಯುವಜ್ರ ಬಸ್ಸುಗಳಿವೆ. ಆದರೂ ನನ್ನ ಕೈಗೆ ಬಂದ ಸಮ್ಮೇಳನದ ಕೈಪಿಡಿಯಲ್ಲಿದ್ದುದು ಟ್ಯಾಕ್ಸಿಯ ವಿವರ ಮಾತ್ರ.

ಆ ಹುಡುಗಿಯ ಇನ್ನೊಂದು ಪ್ರಬಂಧ ಈಗ ಆಯ್ಕೆಯಾಗಿದೆ, ಈ ಬಾರಿ ಬೇರೆ ರಾಜ್ಯದಲ್ಲಿ. ಸುದ್ದಿ ತಿಳಿಸಲು ಫೋನ್ ಮಾಡಿದವಳು ಅಭಿನಂದನೆಗೂ ಕಾಯದೆ ಕೇಳಿದಳು: ‘ಕಾಕಾ, ಅಲ್ಲಿ ರೊಕ್ಕ ಮೊದಲೇ ಕೊಡ್ತಾರೇನ್ರಿ?’